ಕೊಳಚೆ ಗೊಬ್ಬರ ಹಾಕುವ ಮುನ್ನ ಮಣ್ಣಿನ ಜೀವಿಗಳನ್ನು ಒಂದು ಮಾತು ಕೇಳಿ

ಕೊಳಚೆ ನೀರು ಶುದ್ಧೀಕರಿಸುವ ಘಟಕಕ್ಕೆ ಒಳಬರುವುದು ಒಂದೇ ಬಗೆಯ ನೀರು. ಹೊರಬರುವುದು ಎರಡು: ತಿಳಿಯಾದ ನೀರು, ತಳದಲ್ಲಿ ಕೂತ ಕೆಸರು. ಈ ಕೆಸರಿಗೆ ಸ್ಲಡ್ಜ್ ಅನ್ನುತ್ತಾರೆ. ಅದನ್ನು ಕೊಳೆಯಿಸಿ, ಒಣಗಿಸಿ, ರೋಗಾಣು ಕಡಿಮೆ ಮಾಡಿ ಹೊಲಕ್ಕೆ ಹಾಕುವಂತೆ ಸಿದ್ಧ ಮಾಡಿದರೆ ಬಯೋಸಾಲಿಡ್ಸ್ ಎಂಬ ಹೆಸರು ಬರುತ್ತದೆ. ನಾನು ಇಲ್ಲಿ ಸುಮ್ನೆ ಕೊಳಚೆ ಗೊಬ್ಬರ ಅಂತಲೇ ಕರೆಯುತ್ತೇನೆ. ಹೆಸರು ಚಂದವಾದರೆ ಒಳಗಿರುವುದು ಬದಲಾಗುವುದಿಲ್ಲ, ಅಲ್ವಾ?

ಇದು ಹೊಸ ವಿದ್ಯೆಯೇನೂ ಅಲ್ಲ. ಅಮೆರಿಕದ ಮಿಲ್ವಾಕಿ ನಗರ ತನ್ನ ಕೊಳಚೆ ಕೆಸರನ್ನು ಒಣಗಿಸಿ 1926ರಿಂದಲೇ ಗೊಬ್ಬರವಾಗಿ ಮಾರುತ್ತಿದೆ. ಬೇರೆ ಎಷ್ಟೋ ನಗರಗಳು ಕೆಸರನ್ನು ಸಮುದ್ರಕ್ಕೆ ಸುರಿಯುತ್ತಿದ್ದವು. ಅಮೆರಿಕ 1988ರಲ್ಲಿ ಕಾನೂನು ಮಾಡಿ ಅದನ್ನು ನಿಲ್ಲಿಸಲು ಹೊರಟಿತು. ಯುರೋಪಿನ ಒಕ್ಕೂಟದಲ್ಲಿ 1998ರ ಕೊನೆಗೆ ನಿಂತಿತು. ಆಮೇಲೆ ಉಳಿದ ದಾರಿಗಳು ಮೂರೇ: ಸುಡುವುದು, ಹೂಳುವುದು, ಹೊಲಕ್ಕೆ ಹಾಕುವುದು.

ಹೊಲಕ್ಕೆ ಹಾಕುವವರಿಗಾಗಿ ಈ ಬರಹ. ಎಷ್ಟು ಹಾಕಬೇಕು, ಹೇಗೆ ಹಾಕಬೇಕು ಎಂಬುದರ ಜೊತೆಗೆ, ಹಾಕಿದ ಮೇಲೆ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳಿಗೆ ಏನಾಗುತ್ತದೆ, ಅದನ್ನು ಪ್ರಯೋಗಾಲಯವಿಲ್ಲದೆ ಹೇಗೆ ನೋಡಿಕೊಳ್ಳಬಹುದು ಎಂಬುದೇ ಇಲ್ಲಿ ಮುಖ್ಯ.

ಮೊದಲು ಒಂದು ಹಳೆಯ ಹೊಲದ ಕಥೆ

ಇಂಗ್ಲೆಂಡಿನ ವೊಬರ್ನ್ ಎಂಬಲ್ಲಿ ಒಂದು ಪ್ರಯೋಗದ ಹೊಲವಿತ್ತು. ಅಲ್ಲಿ ತರಕಾರಿ ಬೆಳೆಯುವ ಮಡಿಗಳಿಗೆ 1942ರಿಂದ 1961ರವರೆಗೆ ಕೊಳಚೆ ಗೊಬ್ಬರ ಹಾಕಿದರು. ಪಕ್ಕದ ಮಡಿಗಳಿಗೆ ಕೊಟ್ಟಿಗೆ ಗೊಬ್ಬರ. ಆಮೇಲೆ ಕೊಳಚೆ ಗೊಬ್ಬರ ನಿಲ್ಲಿಸಿದರು.

ಸುಮಾರು ಎರಡು ದಶಕ ಕಳೆದ ಮೇಲೆ ವಿಜ್ಞಾನಿಗಳು ಅದೇ ಮಣ್ಣನ್ನು ತೆಗೆದು ನೋಡಿದರು. ಕೊಟ್ಟಿಗೆ ಗೊಬ್ಬರದ ಮಣ್ಣಿಗೆ ಹೋಲಿಸಿದರೆ ಕೊಳಚೆ ಗೊಬ್ಬರದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳ ಒಟ್ಟು ತೂಕ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿದಿತ್ತು. ಅಲ್ಲಿ ಬೆಳೆದ ಬಿಳಿ ಕ್ಲೋವರ್ ಎಂಬ ಮೇವಿನ ಗಿಡದ ಬೇರಿನಲ್ಲಿ ಗಂಟುಗಳಿದ್ದವು. ಆದರೆ ಆ ಗಂಟುಗಳು ಗಾಳಿಯ ಸಾರಜನಕ ಹಿಡಿಯುತ್ತಿರಲಿಲ್ಲ. ಸಾರಜನಕ ಹಿಡಿದು ಗಿಡಕ್ಕೆ ಕೊಡಬೇಕಾದದ್ದು ಗಂಟಿನೊಳಗಿನ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ. ಅಲ್ಲಿ ಇದ್ದದ್ದು ಲೋಹದ ವಿಷ ತಡೆದುಕೊಂಡು ಬದುಕಿದ್ದ ಅದರ ಒಂದೇ ತಳಿ. ಬದುಕುವುದು ಗೊತ್ತಿತ್ತು, ಕೆಲಸ ಮಾಡುವುದು ಗೊತ್ತಿರಲಿಲ್ಲ. ಒಳ್ಳೆಯ ತಳಿಗಳು ಸತ್ತುಹೋಗಿದ್ದವು.

ಕಾರಣ ಕೊಳಚೆ ಅಲ್ಲ, ಕೊಳಚೆಯ ಜೊತೆ ಬಂದ ಸತು, ತಾಮ್ರ, ಕ್ಯಾಡ್ಮಿಯಂ, ನಿಕ್ಕಲ್. ಗೊಬ್ಬರದ ತಿನ್ನುವ ಭಾಗವನ್ನು ಜೀವಿಗಳು ಕೆಲವೇ ವರ್ಷದಲ್ಲಿ ತಿಂದು ಮುಗಿಸುತ್ತವೆ. ಲೋಹ ತಿಂದು ಮುಗಿಯುವ ವಸ್ತುವಲ್ಲ. ಅದು ಉಳುಮೆಯ ಪದರದಲ್ಲೇ ಕೂತಿರುತ್ತದೆ.

ಹೀಗಾಗಿ ಕೊಳಚೆ ಗೊಬ್ಬರ ಮೊದಲ ವರ್ಷ ಮೋಸ ಮಾಡುತ್ತದೆ. ಹಾಕಿದ ಕೂಡಲೇ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಅವುಗಳ ಸಂಖ್ಯೆ ಏರುತ್ತದೆ, ಮಣ್ಣಿನ ಉಸಿರಾಟ ಏರುತ್ತದೆ, ಕಿಣ್ವಗಳ ಕೆಲಸ ಚುರುಕಾಗುತ್ತದೆ, ಬೆಳೆಯೂ ಕಪ್ಪು ಹಸಿರಾಗಿ ನಿಲ್ಲುತ್ತದೆ. ಈ ಹಂತದಲ್ಲಿ ಪರೀಕ್ಷೆ ಮಾಡಿಸಿದವರು ‘ಮಣ್ಣಿನ ಜೀವ ಹೆಚ್ಚಾಗಿದೆ’ ಎಂದು ಬರೆದುಕೊಳ್ಳುತ್ತಾರೆ. ಅದು ಸುಳ್ಳಲ್ಲ. ಆದರೆ ಹಬ್ಬದ ದಿನ ತೂಕ ನೋಡಿ ಆರೋಗ್ಯ ಹೇಳಿದ ಹಾಗೆ.

ಹಾಗಂತ ಇದನ್ನು ಮುಟ್ಟಲೇಬಾರದು ಎಂದು ನಾನು ಹೇಳುವುದಿಲ್ಲ. 1940–50ರ ಕೆಸರಿಗೂ ಒಳ್ಳೆಯ ಘಟಕದಿಂದ ಇವತ್ತು ಬರುವ ಕೆಸರಿಗೂ ಲೋಹದ ಮಟ್ಟದಲ್ಲಿ ಬಹಳ ವ್ಯತ್ಯಾಸವಿರಬಹುದು. ಆ ವ್ಯತ್ಯಾಸ ನಿಮ್ಮ ಲೋಡಿನಲ್ಲಿ ಇದೆಯೋ ಇಲ್ಲವೋ ಎಂದು ತಿಳಿದುಕೊಳ್ಳುವುದೇ ಮೊದಲ ಕೆಲಸ.

ಹೆಜ್ಜೆ 1: ಎಲ್ಲಿಂದ ಬಂತು ಎಂದು ಕೇಳಿ

ಗೊಬ್ಬರ ಕೊಡುವವರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಬೆಲೆಯದಲ್ಲ. ‘ನಿಮ್ಮ ಘಟಕಕ್ಕೆ ಬರುವುದು ಮನೆಗಳ ನೀರು ಮಾತ್ರವೋ, ಕಾರ್ಖಾನೆಗಳ ನೀರೂ ಸೇರುತ್ತದೆಯೋ?’

ಮನೆಗಳ ನೀರಿನಲ್ಲೂ ಲೋಹ ಇರುತ್ತದೆ. ತಾಮ್ರದ ಕೊಳವೆ, ಸತು ಲೇಪಿಸಿದ ಪೈಪು, ಮುಖಕ್ಕೆ ಹಚ್ಚುವ ಕ್ರೀಮು, ರಸ್ತೆಯ ಮಳೆನೀರು ಎಲ್ಲದರಿಂದ ಸ್ವಲ್ಪ ಸ್ವಲ್ಪ ಬರುತ್ತದೆ. ಲೋಹಕ್ಕೆ ಲೇಪನ ಹಾಕುವ ಕಾರ್ಖಾನೆ, ಚರ್ಮ ಹದ ಮಾಡುವ ಕಾರ್ಖಾನೆ, ಬ್ಯಾಟರಿ ಕೆಲಸ ಮಾಡುವ ಕಡೆಯ ನೀರು ಸೇರಿದರೆ ಕಥೆಯೇ ಬೇರೆ. ಉತ್ತರ ಸ್ಪಷ್ಟವಾಗಿ ಬರದಿದ್ದರೆ ಅಲ್ಲಿಗೇ ಬಿಡಿ. ಇನ್ನೊಂದು ಮೂಲ ಹುಡುಕಿ, ಇಲ್ಲವೇ ಬೇರೆ ಗೊಬ್ಬರ ನೋಡಿ.

ಎರಡನೇ ಪ್ರಶ್ನೆ: ಹೇಗೆ ಸಂಸ್ಕರಿಸಿದ್ದಾರೆ? ಗಾಳಿಯಿಲ್ಲದ ತೊಟ್ಟಿಯಲ್ಲಿ ಕೊಳೆಯಿಸಿದ್ದೋ, ಸುಣ್ಣ ಬೆರೆಸಿದ್ದೋ, ಕಾಂಪೋಸ್ಟ್ ಮಾಡಿದ್ದೋ, ಬಿಸಿಯಲ್ಲಿ ಒಣಗಿಸಿದ್ದೋ? ಸುಮ್ನೆ ಬಿಸಿಲಲ್ಲಿ ಹರಡಿ ಒಣಗಿಸಿದ ಕೆಸರು ನೋಡಲು ಪುಡಿಪುಡಿಯಾಗಿ ಚೆನ್ನಾಗಿಯೇ ಕಾಣುತ್ತದೆ. ಅದು ಸಂಸ್ಕರಿಸಿದ್ದಲ್ಲ. ಜಂತುಹುಳುವಿನ ಮೊಟ್ಟೆ ಅಂಥದ್ದರಲ್ಲಿ ಬಹಳ ಕಾಲ ಬದುಕಿರುತ್ತದೆ.

ಹೆಜ್ಜೆ 2: ಪರೀಕ್ಷೆಯ ವರದಿ ಓದಲು ಕಲಿಯಿರಿ

ವರದಿ ಇಲ್ಲದ ಗೊಬ್ಬರ ಬೇಡ. ವರದಿ ಇದ್ದರೆ ಅದರಲ್ಲಿ ನಾಲ್ಕು ಕಡೆ ಕಣ್ಣು ಹಾಕಿ.

ಒಂದು, ತೇವ. ವರದಿಯ ಅಂಕಿಗಳೆಲ್ಲ ಒಣ ತೂಕದ ಲೆಕ್ಕದಲ್ಲಿ ಇರುತ್ತವೆ. ಲಾರಿಯಲ್ಲಿ ಬರುವುದು ಒದ್ದೆ ಗೊಬ್ಬರ. ನೀರು ಹಿಂಡಿ ತೆಗೆದ ಕೆಸರಿನಲ್ಲೂ ಘನ ಭಾಗ ಸಾಮಾನ್ಯವಾಗಿ 20–25 ಶೇಕಡ ಮಾತ್ರ. ಉಳಿದದ್ದೆಲ್ಲ ನೀರು. ಈ ಒಂದು ತಪ್ಪಿನಿಂದ ಲೆಕ್ಕ ನಾಲ್ಕೈದು ಪಟ್ಟು ಆಚೀಚೆ ಆಗುತ್ತದೆ.

ಎರಡು, ರೋಗಾಣು. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ಹೇಳುವುದು ಇಷ್ಟು: ಒಂದು ಗ್ರಾಂ ಒಣ ಗೊಬ್ಬರದಲ್ಲಿ ಜಂತುಹುಳುವಿನ ಮೊಟ್ಟೆ ಒಂದಕ್ಕಿಂತ ಕಡಿಮೆ, ಇ. ಕೋಲಿ ಬ್ಯಾಕ್ಟೀರಿಯಾ 1000ಕ್ಕಿಂತ ಕಡಿಮೆ ಇರಬೇಕು. ಅಮೆರಿಕದಲ್ಲಿ 1993ರಿಂದ ಇರುವ ನಿಯಮ ಎರಡು ದರ್ಜೆ ಮಾಡಿದೆ. ಎ ದರ್ಜೆಯದರಲ್ಲಿ ರೋಗಾಣು ಹೆಚ್ಚೂಕಡಿಮೆ ಇಲ್ಲ. ಬಿ ದರ್ಜೆಯದರಲ್ಲಿ ಇನ್ನೂ ಉಳಿದಿರುತ್ತದೆ, ಹಾಗಾಗಿ ಕಾಯಬೇಕು.

ಮೂರು, ಲೋಹ. ಅದೇ ಅಮೆರಿಕದ ನಿಯಮದಲ್ಲಿ ಉತ್ತಮ ಗುಣಮಟ್ಟದ ಗೊಬ್ಬರಕ್ಕೆ ಪ್ರತಿ ಕಿಲೋ ಒಣ ತೂಕದಲ್ಲಿ ಸತು 2800 ಮಿಲಿಗ್ರಾಂ, ತಾಮ್ರ 1500, ನಿಕ್ಕಲ್ 420, ಸೀಸ 300, ಆರ್ಸೆನಿಕ್ 41, ಕ್ಯಾಡ್ಮಿಯಂ 39, ಪಾದರಸ 17 ಎಂಬ ಮಿತಿ ಇದೆ. ಯುರೋಪಿನ 1986ರ ನಿರ್ದೇಶನ ಗೊಬ್ಬರವನ್ನು ಮಾತ್ರ ಅಳೆಯದೆ ಮಣ್ಣನ್ನೂ ಅಳೆಯುತ್ತದೆ. ಪ್ರತಿ ಕಿಲೋ ಒಣ ಮಣ್ಣಿನಲ್ಲಿ ಸತು 150–300, ತಾಮ್ರ 50–140, ಕ್ಯಾಡ್ಮಿಯಂ 1–3 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ. ಸೂಕ್ಷ್ಮಜೀವಿಗಳ ಕಡೆಯಿಂದ ನೋಡಿದರೆ ನನಗೆ ಯುರೋಪಿನ ದಾರಿ ಸರಿ ಅನ್ನಿಸುತ್ತದೆ. ಜೀವಿ ಇರುವುದು ಮಣ್ಣಿನಲ್ಲಿ, ಚೀಲದಲ್ಲಿ ಅಲ್ಲ. ಅದರಲ್ಲೂ ಎರಡು ಅಂಕಿಗಳಲ್ಲಿ ಕಡಿಮೆ ಇರುವುದನ್ನೇ ನಿಮ್ಮ ಮಿತಿ ಮಾಡಿಕೊಳ್ಳಿ. ನೀವಿರುವ ಕಡೆಯ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದೇ ಅಂತಿಮ.

ನಾಲ್ಕು, ಪೋಷಕಾಂಶ. ಸಾರಜನಕ ಸಾಮಾನ್ಯವಾಗಿ 3–6 ಶೇಕಡ, ರಂಜಕ 2–3 ಶೇಕಡ ಇರುತ್ತದೆ. ಪೊಟ್ಯಾಷ್ ತೀರ ಕಡಿಮೆ, ಏಕೆಂದರೆ ಅದು ಕರಗಿ ನೀರಿನ ಜೊತೆ ಹೊರಟುಹೋಗಿರುತ್ತದೆ. ಪೊಟ್ಯಾಷ್ ಬೇರೆ ಕಡೆಯಿಂದ ಕೊಡಲೇಬೇಕು.

ವರದಿಯಲ್ಲಿ ಕಾಣದ ಕೆಲವು ಸಂಗತಿಗಳೂ ಇವೆ. ಘಟಕಕ್ಕೆ ಬರುವ ಪ್ಲಾಸ್ಟಿಕ್ ಚೂರುಗಳ ಬಹುಪಾಲು ನೀರನ್ನು ಬಿಟ್ಟು ಕೆಸರಿಗೆ ಸೇರುತ್ತದೆ. ಔಷಧಿಗಳ ಅಂಶ ಇರುತ್ತದೆ. ಪಿಎಫ್‌ಎಎಸ್ ಎಂಬ, ಸುಲಭಕ್ಕೆ ಒಡೆಯದ ರಾಸಾಯನಿಕಗಳ ಗುಂಪು ಇರುತ್ತದೆ. ಇವು ಅಂಟದ ಪಾತ್ರೆ, ನೀರು ಹೀರದ ಬಟ್ಟೆ, ಬೆಂಕಿ ಆರಿಸುವ ನೊರೆ ಇಂಥವುಗಳಿಂದ ಬರುತ್ತವೆ. ಇದೇ ಕಾರಣಕ್ಕೆ ಅಮೆರಿಕದ ಮೇನ್ ರಾಜ್ಯ 2022ರಲ್ಲಿ ಕೊಳಚೆ ಗೊಬ್ಬರವನ್ನು ಹೊಲಕ್ಕೆ ಹಾಕುವುದನ್ನೇ ನಿಷೇಧಿಸಿತು. ಸ್ವಿಟ್ಜರ್ಲೆಂಡ್ ಅದಕ್ಕೂ ಬಹಳ ಮೊದಲೇ ಕೈಬಿಟ್ಟಿತ್ತು. ಪಿಎಫ್‌ಎಎಸ್ ಪರೀಕ್ಷೆ ಮಾಡಿಸುವ ಅನುಕೂಲವಿದ್ದರೆ ಒಮ್ಮೆಯಾದರೂ ಮಾಡಿಸಿ.

ಹೆಜ್ಜೆ 3: ನಿಮ್ಮ ಮಣ್ಣು ಇವತ್ತು ಹೇಗಿದೆ, ಬರೆದಿಡಿ

ಗೊಬ್ಬರ ಬೀಳುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಹೊಲದ 10–15 ಕಡೆಯಿಂದ 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ಅದರಲ್ಲಿ ಅರ್ಧ ಕಿಲೋ ಕಳಿಸಿದರೆ ಸಾಕು. ರಸಸಾರ (ಮಣ್ಣಿನ ಹುಳಿ ಎಷ್ಟೆಂದು ಹೇಳುವ ಪಿಎಚ್ ಅಂಕಿ), ಸಾವಯವ ಇಂಗಾಲ, ರಂಜಕ, ಸತು, ತಾಮ್ರ, ಕ್ಯಾಡ್ಮಿಯಂ ಕೇಳಿ. ಲೋಹದ ಒಟ್ಟು ಪ್ರಮಾಣ ಬೇಕು ಎಂದು ಬಿಡಿಸಿ ಹೇಳಿ. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಬರುವುದು ಬೆಳೆಗೆ ಸಿಗುವ ಸತು ಮಾತ್ರ. ಅದನ್ನು ಮೇಲಿನ ಮಿತಿಗಳ ಜೊತೆ ಹೋಲಿಸಲು ಬರುವುದಿಲ್ಲ.

ಇದರಲ್ಲಿ ರಸಸಾರ ಎಲ್ಲಕ್ಕಿಂತ ಮುಖ್ಯ. ಹುಳಿ ಮಣ್ಣಿನಲ್ಲಿ ಸತು, ಕ್ಯಾಡ್ಮಿಯಂ, ನಿಕ್ಕಲ್ ಕರಗಿ ಓಡಾಡುತ್ತವೆ. ರಸಸಾರ 6.5ರ ಮೇಲಿದ್ದರೆ ಅವು ಮಣ್ಣಿನ ಕಣಗಳಿಗೆ ಅಂಟಿಕೊಂಡು ಸುಮ್ಮನಿರುತ್ತವೆ. ಒಟ್ಟು ಲೋಹ ಅಷ್ಟೇ ಇದ್ದರೂ 5.5ರ ಮಣ್ಣಿನಲ್ಲಿ ಜೀವಿಗಳಿಗೆ ತಟ್ಟುವ ಪೆಟ್ಟು ಜಾಸ್ತಿ. ನಿಮ್ಮ ಮಣ್ಣು ಹುಳಿಯಿದ್ದರೆ ಮೊದಲು ಸುಣ್ಣ, ಆಮೇಲೆ ಗೊಬ್ಬರ. ಮರಳು ಮಣ್ಣಾಗಿದ್ದು ಹುಳಿಯೂ ಇದ್ದರೆ ನಾನಂತೂ ಹಾಕುವುದಿಲ್ಲ. ಲೋಹ ಹಿಡಿದಿಡಲು ಅಲ್ಲಿ ಜೇಡಿಯೂ ಇಲ್ಲ, ರಸಸಾರವೂ ಇಲ್ಲ.

ಇನ್ನೊಂದು ಕೆಲಸ ಮಾಡಿ. ಅದೇ ಬೆರೆಸಿದ ಮಣ್ಣಿನಲ್ಲಿ ಸ್ವಲ್ಪ ಉಳಿಸಿಕೊಂಡು ನೆರಳಲ್ಲಿ ಒಣಗಿಸಿ, ಗಾಜಿನ ಬಾಟಲಿಗೆ ತುಂಬಿ, ತಾರೀಕು ಬರೆದು ಮುಚ್ಚಿಡಿ. ವೊಬರ್ನ್ ಹೊಲವನ್ನು ನೋಡಿಕೊಂಡ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರ ಹೀಗೆ ನೂರೈವತ್ತಕ್ಕೂ ಹೆಚ್ಚು ವರ್ಷದ ಮಣ್ಣು ಕೂಡಿಟ್ಟಿದೆ. ಅದಕ್ಕೇ ಅವರಿಗೆ ‘ಮೊದಲು ಹೇಗಿತ್ತು’ ಎಂದು ಹೇಳಲು ಆಯಿತು. ಮುಂದೆ ಯಾವುದೋ ಹೊಸ ವಿಷದ ಸುದ್ದಿ ಬಂದಾಗ ನಿಮ್ಮ ಬಾಟಲಿಯೇ ಸಾಕ್ಷಿ.

ಹೆಜ್ಜೆ 4: ಲೆಕ್ಕ ಹಾಕಿ, ಎರಡು ಸಲ

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಹಾಗಾಗಿ ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ.

ನಿಮ್ಮ ಬೆಳೆಗೆ ಎಕರೆಗೆ 40 ಕಿಲೋ ಸಾರಜನಕ ಬೇಕು ಎಂದುಕೊಳ್ಳಿ. ಗೊಬ್ಬರದಲ್ಲಿ 4 ಶೇಕಡ ಸಾರಜನಕವಿದೆ. ಅಂದರೆ ಒಂದು ಟನ್ ಒಣ ಗೊಬ್ಬರದಲ್ಲಿ 40 ಕಿಲೋ. ಒಂದು ಟನ್ ಹಾಕಿದರೆ ಆಯ್ತಲ್ಲ? ಆಗಲಿಲ್ಲ. ಅದರಲ್ಲಿ ಬಹುಪಾಲು ಸಾವಯವ ರೂಪದಲ್ಲಿದೆ. ಸೂಕ್ಷ್ಮಜೀವಿಗಳು ಒಡೆದ ಮೇಲೆಯೇ ಬೆಳೆಗೆ ಸಿಗುತ್ತದೆ. ಗಾಳಿಯಿಲ್ಲದೆ ಕೊಳೆಯಿಸಿದ ಕೆಸರಿನಲ್ಲಿ ಮೊದಲ ವರ್ಷ ಸಿಗುವುದು ಸುಮಾರು ಕಾಲು ಭಾಗ, ಕಾಂಪೋಸ್ಟ್ ಮಾಡಿದ್ದರೆ ಇನ್ನೂ ಕಡಿಮೆ. ಕಾಲು ಭಾಗ ಅಂದರೆ ಟನ್ನಿಗೆ 10 ಕಿಲೋ. ಆಗ 40 ಕಿಲೋ ಸಾರಜನಕಕ್ಕೆ 4 ಟನ್ ಒಣ ಗೊಬ್ಬರ ಬೇಕು. ಒದ್ದೆ ಲೆಕ್ಕದಲ್ಲಿ 16ರಿಂದ 20 ಟನ್.

ಈಗ ಇದೇ 4 ಟನ್ನಿನಲ್ಲಿ ರಂಜಕ ಎಷ್ಟು? 2 ಶೇಕಡ ಅಂದರೆ 80 ಕಿಲೋ. ಬೆಳೆ ಎತ್ತಿಕೊಳ್ಳುವುದು ಸುಮಾರು 10 ಕಿಲೋ ಎಂದಿಟ್ಟುಕೊಳ್ಳಿ. ಉಳಿದ 70 ಕಿಲೋ ಪ್ರತಿ ವರ್ಷ ಮಣ್ಣಿನಲ್ಲಿ ಪೇರಿಸಿಕೊಳ್ಳುತ್ತದೆ. ಘಟಕದಲ್ಲಿ ಕಬ್ಬಿಣ ಅಥವಾ ಅಲ್ಯೂಮಿನಿಯಂ ಲವಣ ಬಳಸಿದ್ದರೆ ಆ ರಂಜಕ ಬಿಗಿಯಾಗಿ ಕಟ್ಟಿಹಾಕಿದ ಸ್ಥಿತಿಯಲ್ಲಿರುತ್ತದೆ, ನಿಜ. ಆದರೂ ಮಳೆಗೆ ಮಣ್ಣಿನ ಜೊತೆ ಕೊಚ್ಚಿಹೋದರೆ ಕೆರೆಯಲ್ಲಿ ಪಾಚಿ ಕಟ್ಟುತ್ತದೆ.

ಸೂಕ್ಷ್ಮಜೀವಿಗಳ ಕಡೆಯಿಂದಲೂ ಇದು ನಷ್ಟವೇ. ಬೇರಿಗೆ ಅಂಟಿಕೊಂಡು ದೂರದ ರಂಜಕವನ್ನು ತಂದುಕೊಡುವ ಮೈಕೊರೈಜಾ ಎಂಬ ಶಿಲೀಂಧ್ರವಿದೆ. ಗಿಡ ಅದಕ್ಕೆ ಸಕ್ಕರೆ ಕೊಟ್ಟು ಸಾಕುತ್ತದೆ. ರಂಜಕ ಬೇರಿನ ಬುಡದಲ್ಲೇ ರಾಶಿ ಬಿದ್ದರೆ ಗಿಡ ಅದನ್ನು ಸಾಕುವುದನ್ನು ಬಿಡುತ್ತದೆ.

ಆಮೇಲೆ ಲೋಹ. ಗೊಬ್ಬರದಲ್ಲಿ ಕಿಲೋಗೆ 800 ಮಿಲಿಗ್ರಾಂ ಸತು ಇದೆ ಎಂದುಕೊಳ್ಳಿ. 4 ಟನ್ನಿಗೆ 3.2 ಕಿಲೋ ಸತು. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 800 ಟನ್. ಹಂಚಿದರೆ ಪ್ರತಿ ಕಿಲೋ ಮಣ್ಣಿಗೆ 4 ಮಿಲಿಗ್ರಾಂ ಏರುತ್ತದೆ. ನಿಮ್ಮ ಮಣ್ಣಿನಲ್ಲಿ ಈಗ 60 ಇದ್ದರೆ 150 ಮುಟ್ಟಲು 22 ವರ್ಷ. ಒಬ್ಬ ರೈತನ ದುಡಿಮೆಯ ಕಾಲದಲ್ಲೇ ಮಿತಿ ಮುಗಿದುಹೋಗುತ್ತದೆ. ಗೊಬ್ಬರದ ಮಿತಿಯಾದ 2800 ಮಿಲಿಗ್ರಾಂ ಇರುವಂಥದ್ದನ್ನೇ ಹಾಕಿದರೆ? ವರ್ಷಕ್ಕೆ 14 ಏರುತ್ತದೆ. ಏಳನೇ ವರ್ಷಕ್ಕೆ 150 ದಾಟಿರುತ್ತೀರಿ. ನಿಯಮದ ಪ್ರಕಾರ ‘ಉತ್ತಮ ಗುಣಮಟ್ಟ’ ಎಂಬ ಮಾತನ್ನು ನಂಬಿ ಕೂರಬಾರದು ಅನ್ನುವುದು ಇದಕ್ಕೇ.

ಹಾಗಾದರೆ ಎರಡನೇ ಲೆಕ್ಕ ರಂಜಕದ ಮೇಲೆ ಹಾಕಿ. 10 ಕಿಲೋ ರಂಜಕಕ್ಕೆ ಅರ್ಧ ಟನ್ ಒಣ ಗೊಬ್ಬರ ಸಾಕು. ಅರ್ಧ ಟನ್ನನ್ನು ಒಂದು ಎಕರೆಗೆ ಸಮನಾಗಿ ಹರಡುವುದು ಕಷ್ಟ, ಆದ್ದರಿಂದ ಮೂರು ವರ್ಷಕ್ಕೊಮ್ಮೆ ಒಂದೂವರೆ ಟನ್ ಹಾಕಬಹುದು. ಸತು ವರ್ಷಕ್ಕೆ ಅರ್ಧ ಮಿಲಿಗ್ರಾಂ ಮಾತ್ರ ಏರುತ್ತದೆ. ಕೊರತೆ ಬೀಳುವ ಸಾರಜನಕವನ್ನು ದ್ವಿದಳ ಬೆಳೆಯಿಂದಲೋ ಬೇರೆ ಗೊಬ್ಬರದಿಂದಲೋ ತುಂಬಿಸಿ. ಕೊಳಚೆ ಗೊಬ್ಬರವನ್ನು ಸಾರಜನಕದ ಗೊಬ್ಬರ ಎಂದು ಮಾರುತ್ತಾರೆ. ನನ್ನ ಪ್ರಕಾರ ಅದು ರಂಜಕದ ಗೊಬ್ಬರ.

ಹೆಜ್ಜೆ 5: ಸಾಧ್ಯವಾದರೆ ಕಾಂಪೋಸ್ಟ್ ಮಾಡಿ ಹಾಕಿ

ಕೊಳಚೆ ಕೆಸರಿನಲ್ಲಿ ಇರುವ ಇಂಗಾಲಕ್ಕೆ ಹೋಲಿಸಿದರೆ ಸಾರಜನಕ ಧಾರಾಳ. ಇಂಗಾಲ–ಸಾರಜನಕದ ಅನುಪಾತ, ಅಂದರೆ ಒಂದು ಪಾಲು ಸಾರಜನಕಕ್ಕೆ ಎಷ್ಟು ಪಾಲು ಇಂಗಾಲ ಎಂಬುದು, 10ರ ಆಸುಪಾಸು ಇರುತ್ತದೆ. ಇಂಥದ್ದು ನೇರ ಮಣ್ಣಿಗೆ ಬಿದ್ದರೆ ಬ್ಯಾಕ್ಟೀರಿಯಾಗಳು ಒಮ್ಮೆಲೇ ಮುಗಿಬೀಳುತ್ತವೆ, ಶಿಲೀಂಧ್ರಗಳು ಹಿಂದೆ ಬೀಳುತ್ತವೆ, ಬೆಳೆ ಎತ್ತಿಕೊಳ್ಳುವ ಮುಂಚೆಯೇ ಸಾರಜನಕ ನೈಟ್ರೇಟಾಗಿ ಕೆಳಕ್ಕೆ ಇಳಿಯುತ್ತದೆ.

ಹುಲ್ಲು, ಒಣ ಎಲೆ, ಮರದ ಚೂರು ಸೇರಿಸಿ ಅನುಪಾತವನ್ನು 25–30ಕ್ಕೆ ತಂದು ಕೊಳೆಯಲು ಬಿಟ್ಟರೆ ಗೊಬ್ಬರ ನಿಧಾನವಾಗಿ ಕೆಲಸ ಮಾಡುತ್ತದೆ. ರಾಶಿಯ ಒಳಗಿನ ಬಿಸಿ 55 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಉದ್ದ ಸಾಲಿನ ರಾಶಿಯಾದರೆ ಆ ಬಿಸಿ 15 ದಿನ ನಿಲ್ಲಬೇಕು, ಆ ಅವಧಿಯಲ್ಲಿ 5 ಸಲ ಮಗುಚಬೇಕು. ಹೊರಗಿದ್ದದ್ದು ಒಳಗೆ ಬರದಿದ್ದರೆ ಹೊರಪದರದ ರೋಗಾಣು ಹಾಗೇ ಉಳಿಯುತ್ತದೆ. ಉದ್ದ ಕಡ್ಡಿಯ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ, ಕೈಯಿಟ್ಟು ಅಂದಾಜು ಮಾಡಬೇಡಿ.

ಬಿಸಿ ಇಳಿದ ಮೇಲೂ ತಿಂಗಳುಗಟ್ಟಲೆ ಮಾಗಲು ಬಿಡಿ. ಕಳಿತಿದೆಯೇ ಎಂದು ನೋಡಲು ಬೇಗ ಮೊಳೆಯುವ ಬೀಜವನ್ನು ಒಂದು ಕುಂಡದಲ್ಲಿ ಬರೀ ಮಣ್ಣಿಗೆ, ಇನ್ನೊಂದರಲ್ಲಿ ಕಾಲು ಭಾಗ ಕಾಂಪೋಸ್ಟ್ ಬೆರೆಸಿದ ಮಣ್ಣಿಗೆ ಹಾಕಿ. ಎರಡರಲ್ಲೂ ಮೊಳಕೆ ಒಂದೇ ಥರ ಬಂದರೆ ಸರಿ. ಕಾಂಪೋಸ್ಟ್ ಬೆರೆತ ಕುಂಡದಲ್ಲಿ ಬೇರಿನ ತುದಿ ಕಂದಿದರೆ ಇನ್ನೂ ಕಾಯಿರಿ.

ಕಾಂಪೋಸ್ಟ್ ಮಾಡಿದರೆ ಲೋಹ ಹೋಗುವುದಿಲ್ಲ. ಇದನ್ನು ಮರೆಯಬೇಡಿ. ಹೊಸ ವಸ್ತು ಬೆರೆಸಿದ್ದಕ್ಕೆ ಪ್ರಮಾಣ ತೆಳುವಾದಂತೆ ಕಾಣಬಹುದು, ಆದರೆ ಕೊಳೆಯುತ್ತಾ ರಾಶಿ ಕುಗ್ಗಿದಂತೆ ಮತ್ತೆ ಏರುತ್ತದೆ.

ಹೆಜ್ಜೆ 6: ಹರಡುವ ದಿನ

ಮಣ್ಣು ಹದವಾಗಿರುವ ದಿನ ಆರಿಸಿ. ಕೆಸರಾದ ಹೊಲಕ್ಕೆ ಲಾರಿ ಇಳಿಸಿದರೆ ಮಣ್ಣು ಗಟ್ಟಿಯಾಗಿ ಗಾಳಿ ಆಡುವುದಿಲ್ಲ. ಅಂಥ ಕಡೆ ಸಾರಜನಕ ಅನಿಲವಾಗಿ ಹಾರುತ್ತದೆ. ಜೋರು ಮಳೆ ಬರುವ ಸೂಚನೆ ಇದ್ದರೆ ಮುಂದಕ್ಕೆ ಹಾಕಿ. ಇಳಿಜಾರು, ಬಾವಿಯ ಸುತ್ತ, ಹಳ್ಳದ ದಂಡೆ ಬಿಟ್ಟುಬಿಡಿ. ಅಮೆರಿಕದ ನಿಯಮ ನೀರಿನಿಂದ 10 ಮೀಟರ್ ದೂರ ಕೇಳುತ್ತದೆ. ನೀವು ಇನ್ನೂ ಜಾಸ್ತಿಯೇ ಬಿಡಿ.

ಹರಡಿದ್ದನ್ನು ಅದೇ ದಿನ ಮಣ್ಣಿಗೆ ಸೇರಿಸಿ. ಬಿಸಿಲಿಗೆ ಬಿಟ್ಟರೆ ಅಮೋನಿಯಾ ಹಾರಿಹೋಗುತ್ತದೆ, ನೊಣ ಮುತ್ತುತ್ತದೆ, ಪಕ್ಕದ ಹೊಲದವರು ಬಂದು ನಿಲ್ಲುತ್ತಾರೆ. ಕೈಗವಸು, ಬೂಟು, ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ. ಒಣ ಗೊಬ್ಬರದ ಧೂಳೇ ಹೆಚ್ಚು ಅಪಾಯ.

ಬೆಳೆಯ ವಿಷಯದಲ್ಲಿ, ಹಸಿಯಾಗಿ ತಿನ್ನುವ ಸೊಪ್ಪು, ಗೆಡ್ಡೆಗಳಿಗೆ ಬೇಡವೇ ಬೇಡ ಎಂಬುದು ನನ್ನ ಮಾತು. ಬಿ ದರ್ಜೆಯ ಗೊಬ್ಬರಕ್ಕೆ ಅಮೆರಿಕದ ನಿಯಮ ಹೀಗಿದೆ: ಮಣ್ಣಿನ ಮೇಲೆ ಬೆಳೆದರೂ ಗೊಬ್ಬರ ಬೆರೆತ ಮಣ್ಣು ತಾಗುವಂಥ ಆಹಾರ ಬೆಳೆಗೆ 14 ತಿಂಗಳು ಕಾಯಬೇಕು. ಮಣ್ಣಿನೊಳಗೆ ಬೆಳೆಯುವುದಕ್ಕೆ 20 ತಿಂಗಳು. ಗೊಬ್ಬರವನ್ನು ಹಾಕಿದ ನಾಲ್ಕು ತಿಂಗಳೊಳಗೇ ಮಣ್ಣಿಗೆ ಸೇರಿಸಿದ್ದರೆ 38 ತಿಂಗಳು. ಮೇಲೆ ಬಿಸಿಲಿಗೆ ಒಣಗದೆ ಒಳಗೆ ಹೋದ ರೋಗಾಣು ಹೆಚ್ಚು ಕಾಲ ಬದುಕುತ್ತದೆ ಎಂಬುದಕ್ಕೆ ಈ ವ್ಯತ್ಯಾಸ. ದನ ಮೇಯಿಸಲು 30 ದಿನ. ನೆಡುತೋಪು, ನಾರಿನ ಬೆಳೆ, ಹೂವು ಇಂಥವಕ್ಕೆ ಹಾಕಿದರೆ ತಲೆನೋವು ಕಡಿಮೆ.

ಮತ್ತೆ ಬಹಳ ಮುಖ್ಯವಾದದ್ದು: ಹೊಲದಲ್ಲಿ ಒಂದು ಪಟ್ಟಿಗೆ ಗೊಬ್ಬರ ಹಾಕಲೇಬೇಡಿ. ಐದಾರು ಮೀಟರ್ ಅಗಲ ಸಾಕು. ನಾಲ್ಕು ಮೂಲೆಗೆ ಗೂಟ ಹೊಡೆದು ಗುರುತು ಮಾಡಿ. ಅಲ್ಲಿಗೆ ಅಷ್ಟೇ ಪೋಷಕಾಂಶವನ್ನು ಕೊಟ್ಟಿಗೆ ಗೊಬ್ಬರದಲ್ಲೋ ಬೇರೆ ರೂಪದಲ್ಲೋ ಕೊಡಿ. ಹೋಲಿಸಲು ಏನೂ ಇಲ್ಲದಿದ್ದರೆ ಮುಂದಿನ ಹೆಜ್ಜೆಗೆ ಅರ್ಥವೇ ಇಲ್ಲ.

ಹೆಜ್ಜೆ 7: ಮಣ್ಣಿನ ಜೀವಿಗಳ ಹಾಜರಿ ತೆಗೆದುಕೊಳ್ಳಿ

ಪ್ರಯೋಗಾಲಯದಲ್ಲಿ ಜೀವಿಗಳ ಒಟ್ಟು ತೂಕ, ಉಸಿರಾಟ, ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಚುರುಕು ಎಲ್ಲವನ್ನೂ ಅಳೆಯುತ್ತಾರೆ. ಒಂದು ಎಚ್ಚರಿಕೆ ಇದೆ. ಉಸಿರಾಟ ಜಾಸ್ತಿ ಇದ್ದರೆ ಮಣ್ಣು ಚೆನ್ನಾಗಿದೆ ಎಂದಲ್ಲ. ಲೋಹದ ತೊಂದರೆಯಲ್ಲಿರುವ ಜೀವಿ ಬರೀ ಬದುಕಿರಲಿಕ್ಕೇ ಹೆಚ್ಚು ಶಕ್ತಿ ಖರ್ಚು ಮಾಡುತ್ತದೆ, ಮೈ ಬೆಳೆಸಲು ಅದಕ್ಕೆ ಉಳಿಯುವುದಿಲ್ಲ. ಹಾಗಾಗಿ ಉಸಿರಾಟವನ್ನು ಜೀವಿಗಳ ತೂಕದಿಂದ ಭಾಗಿಸಿ ನೋಡಬೇಕು. ಆ ಅಂಕಿ ಏರಿದರೆ ಅವು ಏದುಸಿರು ಬಿಡುತ್ತಿವೆ ಎಂದರ್ಥ.

ಪ್ರಯೋಗಾಲಯ ದೂರವಿದ್ದವರಿಗೆ ಮೂರು ಕೈಗೆಟುಕುವ ದಾರಿಗಳಿವೆ.

ಮೊದಲನೆಯದು ಬಟ್ಟೆ. ಬಣ್ಣ ಹಾಕದ ಶುದ್ಧ ಹತ್ತಿಯ ಬಟ್ಟೆಯನ್ನು ಒಂದೇ ಅಳತೆಗೆ ಕತ್ತರಿಸಿ ಗೊಬ್ಬರ ಹಾಕಿದ ಕಡೆ ನಾಲ್ಕು, ಹಾಕದ ಪಟ್ಟಿಯಲ್ಲಿ ನಾಲ್ಕು ಹೂಳಿ. ಒಂದು ಗೇಣು ಆಳ ಸಾಕು. ಎರಡು ತಿಂಗಳ ನಂತರ ತೆಗೆದು, ಒಣಗಿಸಿ, ಮಣ್ಣು ಕೊಡವಿ ತೂಗಿ. ಹೆಚ್ಚು ಕರಗಿದ ಕಡೆ ಹತ್ತಿಯ ನಾರು ತಿನ್ನುವ ಜೀವಿಗಳು ಚುರುಕಾಗಿವೆ. ಮೊದಲ ವರ್ಷ ಗೊಬ್ಬರ ಹಾಕಿದ ಕಡೆಯೇ ಗೆಲ್ಲುತ್ತದೆ, ಅದಕ್ಕೆ ಹಿಗ್ಗಬೇಡಿ. ಮೂರನೇ, ಐದನೇ ವರ್ಷವೂ ಗೆಲ್ಲುತ್ತಿದೆಯೇ ನೋಡಿ.

ಎರಡನೆಯದು ಎರೆಹುಳು. ಅದು ಸೂಕ್ಷ್ಮಜೀವಿಯಲ್ಲ, ಆದರೆ ಅವುಗಳ ನೆರೆಯವನು. ಒಂದು ಅಡಿ ಉದ್ದ, ಅಗಲ, ಆಳದ ಗುಂಡಿಯ ಮಣ್ಣನ್ನು ಗೋಣಿಯ ಮೇಲೆ ಸುರಿದು ಎಣಿಸಿ. ಮಣ್ಣು ತೇವವಿದ್ದಾಗ, ಎರಡೂ ಕಡೆ ಒಂದೇ ದಿನ ಎಣಿಸಬೇಕು.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು: ಬೇರುಗಂಟು. ವೊಬರ್ನ್‌ನಲ್ಲಿ ಗುಟ್ಟು ಬಿಟ್ಟುಕೊಟ್ಟದ್ದೂ ಅದೇ. ಎರಡು ಮೂರು ವರ್ಷಕ್ಕೊಮ್ಮೆ ಹೊಲದಲ್ಲಿ ದ್ವಿದಳ ಬೆಳೆ ಹಾಕಿ, ಗೊಬ್ಬರವಿಲ್ಲದ ಪಟ್ಟಿಯಲ್ಲೂ ಅದೇ ಬೀಜ. ಬೀಜಕ್ಕೆ ರೈಜೋಬಿಯಂ ಪುಡಿ ಸವರಬೇಡಿ, ಮಣ್ಣಿನಲ್ಲಿ ಇರುವುದನ್ನೇ ಪರೀಕ್ಷೆ ಮಾಡಬೇಕು. ಹೂ ಬಿಡುವ ಹೊತ್ತಿಗೆ ಎರಡೂ ಕಡೆಯಿಂದ ಹತ್ತು ಹತ್ತು ಗಿಡಗಳನ್ನು ಗುದ್ದಲಿಯಲ್ಲಿ ಎಬ್ಬಿಸಿ. ಕೈಯಲ್ಲಿ ಕಿತ್ತರೆ ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ. ಬೇರನ್ನು ನೀರಿನಲ್ಲಿ ಮೆಲ್ಲಗೆ ತೊಳೆದು ಗಂಟು ಎಣಿಸಿ. ಆಮೇಲೆ ಬ್ಲೇಡಿನಲ್ಲಿ ಗಂಟನ್ನು ಸೀಳಿ.

ಒಳಗೆ ನಸುಗೆಂಪು ಇದ್ದರೆ ಅದು ಸಾರಜನಕ ಹಿಡಿಯುತ್ತಿದೆ. ನಮ್ಮ ರಕ್ತದ ಬಣ್ಣಕ್ಕೆ ಕಾರಣವಾದ ವಸ್ತುವಿನ ನೆಂಟ ಅಲ್ಲಿದೆ, ಹೆಸರು ಲೆಗ್‌ಹಿಮೋಗ್ಲೋಬಿನ್. ಬಿಳಿ ಇದ್ದರೆ ಕೆಲಸ ಶುರುವಾಗಿಲ್ಲ ಅಥವಾ ಆಗುವುದೇ ಇಲ್ಲ. ಹಸಿರು, ಕಂದು ಇದ್ದರೆ ಮುಗಿದಿದೆ.

ಇಲ್ಲಿ ಒಂದು ಗೊಂದಲ ಬರಬಹುದು. ಮಣ್ಣಿನಲ್ಲಿ ಸಾರಜನಕ ಧಾರಾಳವಾಗಿದ್ದರೆ ಗಿಡ ತಾನೇ ಗಂಟು ಕಡಿಮೆ ಮಾಡುತ್ತದೆ. ಗೊಬ್ಬರ ಹಾಕಿದ ವರ್ಷವೇ ನೋಡಿದರೆ ಲೋಹದ ತಪ್ಪೋ ಸಾರಜನಕದ ಸೊಕ್ಕೋ ತಿಳಿಯುವುದಿಲ್ಲ. ಹಾಗಾಗಿ ಗೊಬ್ಬರ ಹಾಕಿ ಒಂದೆರಡು ಬೆಳೆ ತೆಗೆದ ಮೇಲೆ ಈ ಪರೀಕ್ಷೆ ಮಾಡಿ. ಗಿಡ ಹಸಿರಾಗಿದ್ದು ಗಂಟು ಕಡಿಮೆಯಿದ್ದರೆ ಅದು ಸಾರಜನಕದ ಆಟ. ಗಿಡ ಹಳದಿಯಾಗಿದ್ದು ಗಂಟು ತುಂಬಾ ಇದ್ದು ಎಲ್ಲ ಬಿಳಿಯಾಗಿದ್ದರೆ ವೊಬರ್ನ್ ನೆನಪಿಗೆ ಬರಬೇಕು. ಎಲ್ಲ ದ್ವಿದಳ ಬೆಳೆಯೂ ಒಂದೇ ಥರ ಸೂಕ್ಷ್ಮವಲ್ಲ. ಕ್ಲೋವರ್ ಜೊತೆಗಿರುವ ರೈಜೋಬಿಯಂ ಬಹಳ ಮೆದು, ಸೋಯಾ ಅವರೆಯ ಜೊತೆಗಿರುವುದು ಸ್ವಲ್ಪ ಗಟ್ಟಿ. ಹಾಗಾಗಿ ಪ್ರತಿ ಸಲವೂ ಒಂದೇ ಬೆಳೆ ಇಟ್ಟುಕೊಂಡು ಹೋಲಿಸಿ.

ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ವಿಷಯವನ್ನು ಮನೆಯಲ್ಲಿ ಪರೀಕ್ಷಿಸಲು ಬರುವುದಿಲ್ಲ. ಗೊಬ್ಬರ ಹಾಕಿದ ಕೂಡಲೇ ಮಣ್ಣಿನಲ್ಲಿ ಅಂಥ ಗುಣದ ಜೀನ್‌ಗಳು ಏರುತ್ತವೆ, ತಿಂಗಳು ಕಳೆದಂತೆ ಇಳಿಯುತ್ತವೆ. ಸತು, ತಾಮ್ರ ಜಾಸ್ತಿಯಿರುವ ಮಣ್ಣಿನಲ್ಲಿ ಅವು ಉಳಿದುಕೊಳ್ಳುವ ಸಂಭವ ಹೆಚ್ಚು, ಏಕೆಂದರೆ ಲೋಹ ತಡೆಯುವ ಜೀನ್ ಮತ್ತು ಔಷಧಿ ತಡೆಯುವ ಜೀನ್ ಎಷ್ಟೋ ಸಲ ಒಂದೇ ತುಣುಕಿನಲ್ಲಿ ಜೊತೆಯಾಗಿ ಓಡಾಡುತ್ತವೆ. ಹೀಗಾಗಿ ಲೋಹ ಕಡಿಮೆ ಇಟ್ಟುಕೊಂಡರೆ, ಎರಡು ಹಾಕುವಿಕೆಗಳ ನಡುವೆ ಅಂತರ ಬಿಟ್ಟರೆ ಇದಕ್ಕೂ ಅನುಕೂಲ.

ಹೆಜ್ಜೆ 8: ಯಾವಾಗ ನಿಲ್ಲಿಸಬೇಕು

ಮಣ್ಣಿನ ಸತು ಅಥವಾ ತಾಮ್ರ ನೀವು ಇಟ್ಟುಕೊಂಡ ಮಿತಿಯ ಮುಕ್ಕಾಲು ಮುಟ್ಟಿದರೆ ನಿಲ್ಲಿಸಿ. ಮಿತಿ ಮುಟ್ಟುವವರೆಗೆ ಕಾಯುವುದರಲ್ಲಿ ಜಾಣತನವಿಲ್ಲ, ಏಕೆಂದರೆ ಹೊಲಕ್ಕೆ ಸೇರಿದ ಲೋಹವನ್ನು ಹೊರತೆಗೆಯಲು ಸುಲಭದ ದಾರಿಯಿಲ್ಲ. ಎರಡು ಸಲ ಸತತವಾಗಿ ಬೇರುಗಂಟು ಬಿಳಿ ಬಂದರೆ, ಅಂಕಿ ಏನೇ ಹೇಳಲಿ, ನಿಲ್ಲಿಸಿ. ಘಟಕಕ್ಕೆ ಹೊಸ ಕಾರ್ಖಾನೆಯ ನೀರು ಸೇರಿದೆ ಎಂದು ಗೊತ್ತಾದರೆ ಹೊಸ ವರದಿ ಬರುವವರೆಗೆ ತಡೆಯಿರಿ.

ನಿಲ್ಲಿಸಿದ ಮೇಲೆ ಮಾಡಬಹುದಾದದ್ದು ಲೋಹವನ್ನು ಮಲಗಿಸಿಡುವುದು. ಸುಣ್ಣ ಹಾಕಿ ರಸಸಾರವನ್ನು 6.5ರಿಂದ 7ರ ನಡುವೆ ಇಡಿ. ಇದು ಒಮ್ಮೆ ಮಾಡಿ ಮರೆಯುವ ಕೆಲಸವಲ್ಲ. ಮಣ್ಣು ಮತ್ತೆ ಹುಳಿಯಾದರೆ ಮಲಗಿದ್ದು ಏಳುತ್ತದೆ. ಬೇರೆ ಮೂಲದ ಶುದ್ಧ ಸಾವಯವ ಗೊಬ್ಬರ ಕೊಡುತ್ತಾ ಇರಿ. ಲೋಹ ಅದಕ್ಕೂ ಅಂಟಿಕೊಳ್ಳುತ್ತದೆ, ಜೀವಿಗಳಿಗೂ ಊಟ ಸಿಗುತ್ತದೆ. ಸುಣ್ಣ ಜಾಸ್ತಿಯಾದರೆ ಮಾಲಿಬ್ಡಿನಂ ಎಂಬ ಇನ್ನೊಂದು ಲೋಹ ಮೇವಿಗೆ ಏರಿ ದನಗಳಿಗೆ ತಾಮ್ರದ ಕೊರತೆ ತರಬಹುದು. ಆದ್ದರಿಂದ ಅಲ್ಲಿ ಮೇವು ಬೆಳೆಯುವವರು 7 ದಾಟಿಸಬೇಡಿ.

ಎಷ್ಟು ಹಾಕಿದಿರಿ, ಯಾವ ತಾರೀಕು, ಯಾವ ಘಟಕ, ವರದಿಯ ನಂಬರ್, ಗಂಟಿನ ಎಣಿಕೆ, ಬಟ್ಟೆಯ ತೂಕ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ಹೊಲ ಇನ್ನೊಬ್ಬರ ಕೈಗೆ ಹೋದರೆ ಆ ಪುಸ್ತಕವನ್ನೂ ಮಣ್ಣಿನ ಬಾಟಲಿಯನ್ನೂ ಪತ್ರಗಳ ಜೊತೆ ಅವರಿಗೆ ಕೊಡಿ.